ಹಣೆಗೆ ಹಚ್ಚಿದ ಮಣ್ಣು

"ಉಸ್ತಾದರೇ, ಇನ್ನೂ ಯಾವ ವಿದ್ಯೆ ಕಲಿತರೆ ಜನ ನನ್ನನ್ನು ಉಸ್ತಾದ ಅಂತಾರೆ?"

ಕೇಳಿದವನು ಬರಮಪ್ಪ. ಹದಿನಾಲ್ಕು ವರ್ಷ ಅದೇ ಗರಡಿಯಲ್ಲಿ ಕುಸ್ತಿ ಆಡಿದವನು. ವಯಸ್ಸು ಮೀರಿ ಆಟ ನಿಂತಿತು. ಗರಡಿ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಈಗ ಬೇರೆಯವರನ್ನು ತಯಾರು ಮಾಡುತ್ತಿದ್ದ. ಪಟ್ಟು ಹೇಳಿಕೊಡುವುದು, ಎಣ್ಣೆ ಹಾಕಿ ಮೈ ತಿಕ್ಕುವುದು, ಉಳುಕು ತೆಗೆಯುವುದು ಎಲ್ಲ ಬಂತು. ಆದರೂ ಗರಡಿಯವರಿಗೆ ಅವನು ಬರೀ ಬರಮಪ್ಪ. ಪಾಪ, ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅವನು ತಯಾರು ಮಾಡಿದ ತಿಪ್ಪೇಶಿ ನಾಡಿದ್ದು ದೊಡ್ಡ ಕುಸ್ತಿಗೆ ಇಳಿಯುವವನಿದ್ದ. ತಿಪ್ಪೇಶಿ ಗೆದ್ದರೆ ತನ್ನ ಹೆಸರೂ ನಾಲ್ಕು ಜನರ ಬಾಯಿಗೆ ಬರುತ್ತದೆ ಎಂದು ಬರಮಪ್ಪ ಕಾದು ಕೂತಿದ್ದ.

ಉಸ್ತಾದರು ಎಂದಿನಂತೆ ಅಖಾಡದ ಅಂಚಿನಲ್ಲಿ ಕೂತಿದ್ದರು. "ಅಲ್ಲಯ್ಯಾ, ಇಷ್ಟೆಲ್ಲ ಕಲಿತೂ ನಿನಗೆ ಸಾಲದೇ? ಕೂತ್ಕೋ, ಒಂದು ಕತೆ ಹೇಳ್ತೀನಿ," ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಉಸ್ತಾದನಿದ್ದ. ಕೈಗುಣ ಅಂದರೆ ಅವನದು. ಕೀಲು ತಪ್ಪಿದರೆ ಮುಟ್ಟಿ ಕೂರಿಸುತ್ತಿದ್ದ. ಯಾರಿಗೆ ಎಷ್ಟು ಬಸ್ಕಿ, ಯಾರಿಗೆ ಎಷ್ಟು ಹಾಲು ಎಂದು ಮುಖ ನೋಡಿಯೇ ಹೇಳುತ್ತಿದ್ದ. ಅವನ ಕೈಯಲ್ಲಿ ಒಬ್ಬ ಪೈಲ್ವಾನ ತಯಾರಾದ. ಎಂಥ ಪೈಲ್ವಾನ ಅಂತೀಯ! ಸುತ್ತ ಏಳು ಹಳ್ಳಿಯಲ್ಲಿ ಅವನ ಬೆನ್ನು ಮಣ್ಣಿಗೆ ತಾಗಿಸಿದವರಿರಲಿಲ್ಲ.

ಒಮ್ಮೆ ದೊಡ್ಡ ಕುಸ್ತಿ ಗೊತ್ತಾಯಿತು. ಊರಿಗೆ ಊರೇ ಬಂದು ಸೇರಿತು. ಅಖಾಡಕ್ಕೆ ಇಳಿಯುವ ಮುಂಚೆ ಬಗ್ಗಿ, ಬಲಗೈಯಲ್ಲಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು, ನಿನಗೆ ಗೊತ್ತೇ ಇದೆ. ಅವತ್ತು ಪೈಲ್ವಾನ ಎಡಗೈಯಲ್ಲಿ ಹಚ್ಚಿಕೊಂಡ. ಡೋಲಿನ ಗದ್ದಲದಲ್ಲಿ ಜನ ಅದನ್ನು ಗಮನಿಸಲಿಲ್ಲ. ಉಸ್ತಾದ ಗಮನಿಸಿದ. ಬಲಭುಜಕ್ಕೆ ಪೆಟ್ಟಾಗಿದೆ, ಕೈ ಹಣೆಯವರೆಗೆ ಏಳುತ್ತಿಲ್ಲ ಎಂದು ಅವನಿಗೆ ತಿಳಿಯಿತು. "ಬೇಡ, ಮೇಲೆ ಬಾ" ಎಂಬ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಕೂಗುವವನು ಪೈಲ್ವಾನನ ಹೆಸರಿನ ಜೊತೆಗೆ ಉಸ್ತಾದನ ಹೆಸರನ್ನೂ ಕೂಗಿಬಿಟ್ಟ. ಜನ ಹೋ ಎಂದರು. ಉಸ್ತಾದ ಮಾತನ್ನು ನುಂಗಿಕೊಂಡ.

ಪೈಲ್ವಾನ ಗೆದ್ದ. ಭುಜ ಹೋಯಿತು. ಎಣ್ಣೆ, ಕಟ್ಟು, ಔಷಧ, ಏನು ಮಾಡಿದರೂ ಕೈ ಮತ್ತೆ ಮೇಲೇಳಲಿಲ್ಲ. ಊಟದ ತುತ್ತನ್ನೂ ಎಡಗೈಯಲ್ಲೇ ಎತ್ತಬೇಕಾಯಿತು. ನಾಲ್ಕು ಜನರ ಪಂಕ್ತಿಯಲ್ಲಿ ಕೂರಲು ನಾಚಿಕೊಂಡು ಮನೆಯ ಮೂಲೆಯಲ್ಲಿ ಉಣ್ಣುತ್ತಿದ್ದ.

ಉಸ್ತಾದ ನೋಡಲು ಹೋದ. "ಹೇಳಬಾರದಿತ್ತೇನೋ ಮಗನೇ?" ಎಂದು ಕಣ್ಣೀರು ಹಾಕಿದ.

ಪೈಲ್ವಾನನಿಗೆ ಸಿಟ್ಟು ಬರಲಿಲ್ಲ. "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜನ ನಾವು. ನೋವು ಅಂತ ಊರ ಮುಂದೆ ಹೇಗೆ ಬಾಯಿಬಿಡಲಿ? ಅದಕ್ಕೇ ನಿಮ್ಮ ಕಣ್ಣಿಗೆ ಬೀಳುವ ಹಾಗೆ ಎಡಗೈಯಲ್ಲಿ ಮಣ್ಣು ಹಚ್ಚಿಕೊಂಡೆ. ನೀವು ಬೇಡ ಅಂತೀರಿ ಅಂತ ನಿಮ್ಮ ಬಾಯನ್ನೇ ನೋಡುತ್ತಿದ್ದೆ ಉಸ್ತಾದರೇ."

ಕತೆ ಮುಗಿಯಿತು.

"ಆ ಉಸ್ತಾದ ಆಮೇಲೆ ಏನಾದ?" ಎಂದು ಬರಮಪ್ಪ ಕೇಳಿದ.

"ಏನಾಗ್ತಾನೆ? ಇವತ್ತಿಗೂ ಅಖಾಡದ ಅಂಚಿನಲ್ಲಿ ಕೂತು, ಇಳಿಯುವವರ ಕೈಯನ್ನೇ ನೋಡ್ತಿರ್ತಾನೆ."

ಬರಮಪ್ಪ ತಟ್ಟನೆ ತಲೆಯೆತ್ತಿದ. ಉಸ್ತಾದರು ಮಣ್ಣಿನತ್ತ ನೋಡುತ್ತಲೇ ಮೆಲ್ಲಗೆ ಕೇಳಿದರು:

"ಇವತ್ತು ಬೆಳಿಗ್ಗೆ ನಿನ್ನ ತಿಪ್ಪೇಶಿ ಯಾವ ಕೈಯಲ್ಲಿ ಮಣ್ಣು ಹಚ್ಚಿಕೊಂಡ, ಬರಮಪ್ಪಾ?"

ಬರಮಪ್ಪ ನೋಡಿದ್ದ. ತನ್ನ ಎಡಗೈ ಎತ್ತಿ ಹಣೆಗೆ ಮುಟ್ಟಿಸಿ ತೋರಿಸಿದ.