ಹುಲಿಗೆಮ್ಮ ತಂದ ಕಿಟಕಿ

ತುಂಗಭದ್ರೆಯ ದಂಡೆಯ ಸಣ್ಣ ಆಶ್ರಮವೊಂದರಲ್ಲಿ ಕೊಟ್ಟೂರಜ್ಜ ಎಂಬ ಗುರುಗಳಿದ್ದರು. ಆಶ್ರಮದ ಮೋಟಾರು ದೋಣಿ ನಡೆಸುತ್ತಿದ್ದವನು ಅವರ ಶಿಷ್ಯ ಪಂಪಾಪತಿ.

ದೋಣಿಗೆ ಟಾರ್ಪಾಲಿನ ಗೂಡು. ನಡೆಸುವವನಿಗೆ ನದಿ ಕಾಣಲೆಂದು ಗೂಡಿನ ಮುಂದುಗಡೆ ಪ್ಲಾಸ್ಟಿಕ್ ಹಾಳೆಯ ಕಿಟಕಿ. ಬಿಸಿಲಿಗೆ ಅದು ಹಳದಿಗಟ್ಟಿ ಮಬ್ಬಾಗಿತ್ತು. ಅಂಚಿನ ಹೊಲಿಗೆಯಲ್ಲಿ ನೀರು ಸೋರುತ್ತಿತ್ತು.

ಹೋದ ಮಳೆಗಾಲದಲ್ಲಿ ಆ ದೋಣಿ ಮೀನುಗಾರ ದುರುಗಪ್ಪನ ಹರಿಗೋಲಿಗೆ ಬಡಿಯಿತು. ಮೂರನೇ ದಿನ ಅವನ ಹೆಣ ಸಿಕ್ಕಿತು.

"ಕಿಟಕಿ ಮಬ್ಬಿತ್ತು, ಹರಿಗೋಲು ಕಾಣಲಿಲ್ಲ," ಎಂದು ಪಂಪಾಪತಿ ಅತ್ತ. ಊರು ನಂಬಿತು. ಅಂದಿನಿಂದ ದೋಣಿ ಕಟ್ಟಿಹಾಕಿದಲ್ಲೇ ಇತ್ತು.

ವರ್ಷ ತುಂಬುತ್ತಿರುವಾಗ ದುರುಗಪ್ಪನ ಹೆಂಡತಿ ಹುಲಿಗೆಮ್ಮ ಆಶ್ರಮಕ್ಕೆ ಬಂದಳು. ಕಂಕುಳಲ್ಲಿ ಹೊಸ ಪ್ಲಾಸ್ಟಿಕ್ ಹಾಳೆಯ ಸುರುಳಿ ಇತ್ತು.

"ಇದನ್ನ ಹಾಕಿಸ್ರಿ ಅಜ್ಜಾರ. ನನ್ನ ಗಂಡನ್ನ ತಿಂದಿದ್ದು ಆ ಹಾಳಾದ ಕಿಟಕಿ. ಇನ್ನೊಬ್ಬಾಕಿ ಕೈಬಳಿ ಒಡಿಯೂದು ಬ್ಯಾಡ."

ಪಂಪಾಪತಿಯ ಕಡೆ ತಿರುಗಿ, "ನೀ ಏನ್ ಮಾಡ್ತಿ ಯಪ್ಪಾ, ನಿಂದೇನ್ ತಪ್ಪು," ಎಂದು ತಲೆ ಸವರಿ ಹೋದಳು. ಕೈ ಸೋಕಿದ ಕಡೆ ಅವನಿಗೆ ಕೆಂಡ ಇಟ್ಟಂತಾಯಿತು.

ಅಜ್ಜ ಕೆಲಸ ಹೇಳಿಕೊಟ್ಟರು. "ಹಳೇದರ ಮ್ಯಾಲೇ ಹೊಸಾದು ಇಟ್ಟು ಹೊಲಿ. ಹೊಲಿಗಿ ಮುಗಿದ ಮ್ಯಾಲೆ ಒಳಗಿಂದ ಹಳೇದನ್ನ ಕೊಯ್ಯಿ. ಮೊದಲ ಕೊಯ್ದ್ರ ಟಾರ್ಪಾಲು ಸಡಿಲಾಗಿ ಅಳತಿ ತಪ್ಪತೈತಿ."

ತಿಳಿಯದ್ದೇನಲ್ಲ. ಆದರೂ ಆ ಮಬ್ಬು ಹಾಳೆ ಕಣ್ಣ ಮುಂದಿನಿಂದ ತೊಲಗಿದರೆ ಸಾಕೆನಿಸಿತ್ತು ಪಂಪಾಪತಿಗೆ. ಮೊದಲೇ ಅದನ್ನು ಕೊಯ್ದು ಒಲೆಬೂದಿಯ ಗುಂಡಿಗೆ ಎಸೆದ. ಆಮೇಲೆ ಹೊಸದನ್ನು ಹೊಲಿದ.

ಅಜ್ಜ ಒಂದು ಕೊಡ ನೀರು ಸುರಿದು ನೋಡಿದರು. ಟಾರ್ಪಾಲು ಜೋಲುಬಿದ್ದಿತ್ತು, ಅಂಚೆಲ್ಲ ಸುಕ್ಕು. ನೀರು ನೆಟ್ಟಗೆ ದೋಣಿಯೊಳಗೆ ಇಳಿಯಿತು.

"ಅಷ್ಟು ಅವಸರ ಯಾಕಪ್ಪಾ?"

"ಅದನ್ನ ನೋಡಾಕ ಆಗ್ಲಿಲ್ರಿ ಅಜ್ಜಾರ. ಜೀವ ತಿಂದ ಕಿಟಕಿ."

ಅಜ್ಜ ಬೂದಿಗುಂಡಿಗೆ ಹೋದರು. ಹಳೆಯ ಹಾಳೆಯನ್ನು ಎತ್ತಿ, ಹೆಗಲ ವಸ್ತ್ರದಿಂದ ಒರೆಸಿ, ಮುಖಕ್ಕೆ ಹಿಡಿದು ನದಿಯತ್ತ ನೋಡಿದರು.

"ಅಲ್ಲೊಂದು ಹರಿಗೋಲು ಹೊಂಟೈತಿ. ಇಬ್ಬರದಾರ. ಒಬ್ಬಾಂವ ಕೆಂಪು ರುಮಾಲು ಸುತ್ಯಾನ. ಹೌದಿಲ್ಲೋ?"

ಪಂಪಾಪತಿ ನೋಡಿದ. ಹೌದಾಗಿತ್ತು.

"ನಂದು ಎಪ್ಪತ್ತೆಂಟು ವರ್ಷದ ಕಣ್ಣು, ಪೊರೆ ಬ್ಯಾರೆ ಬಂದೈತಿ," ಎಂದರು ಅಜ್ಜ. "ಅವತ್ತು ನಿನಗೇನು ಕಂಡಿತು?"

ಪಂಪಾಪತಿ ಬಾಯಿ ಬಿಟ್ಟ.

"ನಾ ನದೀ ಕಡೆ ನೋಡೇ ಇರ್ಲಿಲ್ರಿ. ಪರವೂರಿನ ಭಕ್ತರು ಕುಂತಿದ್ರು. ಹಿಂದ ತಿರುಗಿ ಅವರಿಗೆ ಪ್ರವಚನ ಹೇಳಾಕತ್ತಿದ್ದೆ. ನಿಮ್ಮ ಮಾತೇ ಹೇಳಾಕತ್ತಿದ್ದೆ... ಮನುಷ್ಯಾ ಎಚ್ಚರ ಇರಬೇಕು ಅಂತ."

ಅಜ್ಜನ ಮುಖ ಕಪ್ಪಿಟ್ಟಿತು. ಬೈಯಲಿಲ್ಲ. ಬೈದಿದ್ದರೆ ಪಂಪಾಪತಿಗೆ ಎಷ್ಟೋ ಹಗುರಾಗುತ್ತಿತ್ತು.

ಹೊಲಿಗೆ ಬಿಚ್ಚಿ, ಟಾರ್ಪಾಲನ್ನು ಎಳೆದು ಬಿಗಿಮಾಡಿ, ಇಬ್ಬರೂ ಸೇರಿ ಮತ್ತೆ ಹೊಲಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಈ ಸಲ ಕೊಡ ನೀರು ಸುರಿದರೂ ಒಂದು ಹನಿ ಒಳಗೆ ಬರಲಿಲ್ಲ.

ಹೊಸ ಕಿಟಕಿಯಲ್ಲಿ ಆಚೆ ದಂಡೆ ಕಾಣುತ್ತಿತ್ತು. ಹುಲಿಗೆಮ್ಮ ಒಬ್ಬಳೇ ಕೂತು ಗಂಡನ ಬಲೆ ಬಿಡಿಸುತ್ತಿದ್ದಳು. ಪಂಪಾಪತಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ಆಕೀಗೆ ಹೇಳಬೇಕೇನ್ರಿ ಅಜ್ಜಾರ? ಸತ್ತಾಂವ ತಿರುಗಿ ಬರಾಂಗಿಲ್ಲ. ಆಕಿ ಹೆಂಗೋ ಸಮಾಧಾನ ಮಾಡ್ಕೊಂಡಾಳ. ನಾ ಹೇಳಿದ್ರ ಆಕೀಗೆ ಸಿಗೂದಾದ್ರೂ ಏನು?"

ಅಜ್ಜ ದೋಣಿಯ ಹಗ್ಗ ಬಿಚ್ಚಿ ಅವನ ಕೈಗಿಟ್ಟರು.

"ವರ್ಷದಿಂದ ಆಕಿ ಒಂದು ಪ್ಲಾಸ್ಟಿಕ್ ಹಾಳೀಗೆ ಶಾಪ ಹಾಕಾಕತ್ತಾಳ. ಬೈಯಾಕ ಒಬ್ಬ ಮನುಷ್ಯಾ ಸಿಗ್ತಾನ, ಹೋಗು."