ರಾಜನ ಬೆಂಚು

"ಗುರುಗಳೇ, ಮಠದಲ್ಲಿ ಇಷ್ಟು ಜನ ಇದ್ದೇವೆ. ಎಲ್ಲರಿಗೂ ನಿಮ್ಮ ಮೇಲೆ ಪ್ರಾಣ. ಆದರೂ ನೀವು ಒಬ್ಬರೇ ಇದ್ದಂತೆ ಕಾಣುತ್ತೀರಿ. ಯಾಕೆ?"

ಶಿಷ್ಯ ಬಾಗಿಲ ಬಳಿ ಕೈಕಟ್ಟಿ ನಿಂತು ಹೀಗೆ ಕೇಳಿದ. ಗುರುಗಳು ಚಾಪೆಯ ಮೇಲೆ ಕೂತಿದ್ದರು. ಒಂದಿಷ್ಟು ಸರಿದು ಜಾಗ ಮಾಡಿ, "ಕೂತುಕೋ, ಹೇಳುತ್ತೇನೆ" ಎಂದರು. ಆಮೇಲೆ ಈ ಕತೆ ಹೇಳಿದರು.

ಕಡಲಿನಾಚೆಯ ರಾಜನೊಬ್ಬ ಒಂದು ದ್ವೀಪವನ್ನು ಆಳುತ್ತಿದ್ದ. ಆ ದ್ವೀಪವನ್ನು ಅವನು ಕಣ್ಣಾರೆ ಕಂಡವನಲ್ಲ. ಅಲ್ಲಿಂದ ಹೊರಟ ಅರ್ಜಿ ಅವನ ಕೈ ಸೇರಲು ಆರು ತಿಂಗಳು, ಉತ್ತರ ಬರಲು ಇನ್ನಾರು ತಿಂಗಳು. ಕುಡಿಯಲು ನೀರಿಲ್ಲ ಎಂದು ಬರೆದುಕೊಂಡರೆ, ಮಳೆ ಸುರಿದು ಹೊಳೆ ತುಂಬಿ ಹರಿಯುವಾಗ ಬಾವಿ ತೋಡಲು ಅಪ್ಪಣೆ ಬರುತ್ತಿತ್ತು. ಜನ ಆ ಅಪ್ಪಣೆಯನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಆ ದ್ವೀಪದ ಒಂದು ಊರಿಗೆ ರಾಜನ ಕಡೆಯಿಂದ ಒಬ್ಬ ಪಾದ್ರಿ ಬಂದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಊರಿನವರೇ ಅವನ ಮನೆಯವರಾದರು. ದಿನಕ್ಕೊಬ್ಬರ ಮನೆಯಲ್ಲಿ ಊಟ. ಅವರ ಭಾಷೆಯಲ್ಲಿ ಅವನು ಮಾಡುತ್ತಿದ್ದ ತಪ್ಪುಗಳನ್ನು ಅವರು ಎದುರಿಗೇ ಆಡಿಕೊಂಡು ನಗುತ್ತಿದ್ದರು. ಅವನೂ ನಗುತ್ತಿದ್ದ. ಅದು ಅವನ ಬದುಕಿನ ಸುಖದ ಕಾಲ. ಆಗ ಅದು ಅವನಿಗೆ ತಿಳಿದಿರಲಿಲ್ಲ.

ಊರಿನ ಚರ್ಚಿನಲ್ಲಿ ಇದ್ದದ್ದು ಏಳೇ ಬೆಂಚು. ಮೊದಲನೆಯದು ರಾಜನದು. ಪ್ರತಿ ಶನಿವಾರ ಅದನ್ನು ಒರೆಸಿ ಮೆತ್ತೆ ಹಾಸುವುದು ಅಲ್ಲಿಯ ಪದ್ಧತಿ. ರಾಜ ಬರುವವನಲ್ಲ ಎಂದು ಒರೆಸುವವರಿಗೂ ಗೊತ್ತಿತ್ತು. ಹಾಗಿದ್ದರೂ ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಜಾಗ ಸಾಲದವರು ಹಿಂದೆ ಗೋಡೆಗೊರಗಿ ನಿಲ್ಲುತ್ತಿದ್ದರು.

ಹಾಗೆ ನಿಲ್ಲುವವರಲ್ಲಿ ಬಟ್ಟೆ ಒಗೆದು ಬದುಕುವ ಒಬ್ಬ ವಿಧವೆ ಇದ್ದಳು. ನೀರಿನಲ್ಲಿ ನಿಂತು ನಿಂತು ಅವಳ ಕಾಲು ಊದಿಕೊಂಡಿದ್ದವು. ಒಂದು ಭಾನುವಾರ ಪಾದ್ರಿ ಉಪದೇಶವನ್ನು ಅರ್ಧಕ್ಕೆ ನಿಲ್ಲಿಸಿ ಕೆಳಗಿಳಿದು ಅವಳ ಬಳಿ ಹೋದ.

"ಬನ್ನಿ ಅಮ್ಮ, ಮುಂದೆ ಕೂತುಕೊಳ್ಳಿ."

"ಅಯ್ಯೋ, ಅದು ದೊರೆಗಳ ಜಾಗ."

"ದೊರೆಗಳು ಬಂದಾಗ ಎದ್ದರಾಯಿತು."

ಅವಳು ಕೂತಳು. ಎರಡೂ ಕಾಲು ಚಾಚಿ ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಪಾದ್ರಿಯ ಕಿವಿಯಲ್ಲಿ ಉಳಿದುಬಿಟ್ಟಿತು.

ಸುದ್ದಿ ದ್ವೀಪದ ಅಧಿಕಾರಿಗೆ ಮುಟ್ಟಿತು. ಬಾವಿಗೆ ವರ್ಷ ಬೇಕಾಗಿತ್ತು. ಇದಕ್ಕೆ ವಾರವೂ ಹಿಡಿಯಲಿಲ್ಲ. ಪಾದ್ರಿಯ ನಿಲುವಂಗಿ ಕಳಚಿಸಿ, ಪಾದ್ರಿತನದಿಂದ ತೆಗೆದುಹಾಕಿದರು. ಆ ವಿಧವೆ ಮತ್ತೆ ಗೋಡೆಗೊರಗಿ ನಿಂತಳು.

ಬೆಂಚಿಗೆ ಒಡೆಯನಿರುವ ತನಕ ಇವರು ಕೂರುವುದಿಲ್ಲ ಎಂದು ಪಾದ್ರಿಗೆ ಅರ್ಥವಾಯಿತು. ಅವನು ರಾಜಕೀಯಕ್ಕೆ ಇಳಿದ. ಊರೂರು ತಿರುಗಿದ. "ನಮ್ಮನ್ನು ಆಳುವವನನ್ನು ನಾವೇ ಆರಿಸೋಣ. ಅವಧಿ ಮುಗಿದ ಮೇಲೆ ಅವನು ಎದ್ದು ಇನ್ನೊಬ್ಬರಿಗೆ ಜಾಗ ಬಿಡಲಿ" ಎಂದು ಸಾರಿದ. ದ್ವೀಪದ ಸಭೆಗೆ ಆರಿಸಿ ಹೋದ. ರಾಜನ ಆಳ್ವಿಕೆ ಸಾಕು ಎಂದು ಅಲ್ಲಿ ಎತ್ತಿದ ಕೈ ಎಷ್ಟೋ ವರ್ಷ ಅವನದೊಂದೇ. ಎರಡು ಸಲ ಸೆರೆಮನೆ ಕಂಡ. ಹುಟ್ಟಿದ ನಾಡಿನಿಂದ ಅಣ್ಣನ ಕಾಗದ ಬಂತು: ರಾಜದ್ರೋಹಿಗೆ ನಾನು ಅಣ್ಣನಲ್ಲ. ಆಮೇಲೆ ಅಲ್ಲಿಂದ ಕಾಗದವೇ ಬರಲಿಲ್ಲ. ಅವನು ಸೋಲಲಿಲ್ಲ. ಒಂದಲ್ಲ ಒಂದು ಭಾನುವಾರ ಆ ಬೆಂಚಿನ ಮೇಲೆ ಊರಿನವರ ನಡುವೆ ಒತ್ತರಿಸಿಕೊಂಡು ಕೂರುತ್ತೇನೆ, ಅವರು ನನ್ನ ಮಾತನ್ನು ಆಡಿಕೊಂಡು ನಗುತ್ತಾರೆ ಎಂಬ ಒಂದೇ ಆಸೆ ಅವನನ್ನು ನಡೆಸಿತು.

ಇಪ್ಪತ್ತು ವರ್ಷ ಕಳೆಯಿತು. ರಾಜ ದ್ವೀಪವನ್ನು ಬಿಟ್ಟುಕೊಟ್ಟ. ದ್ವೀಪದವರೇ ತಮ್ಮವನೊಬ್ಬನನ್ನು ಆರಿಸಿಕೊಂಡರು. ಪಾದ್ರಿ ತನಗೆ ಯಾವ ಪದವಿಯೂ ಬೇಡವೆಂದು ಹಳೆಯ ಊರಿಗೆ ಮರಳಿದ.

ಭಾನುವಾರ ಚರ್ಚಿಗೆ ಹೋದರೆ ಊರಿನವರು ಅವನ ಕೈಹಿಡಿದು ಮೊದಲನೆಯ ಬೆಂಚಿಗೆ ಕರೆದೊಯ್ದರು. ಅದಕ್ಕೆ ಹೊಸ ಮೆತ್ತೆ ಹೊಲಿಸಿದ್ದರು. ಅವನು ಒಂದು ತುದಿಗೆ ಸರಿದು ಕೂತು ಕಾದ. ಯಾರೂ ಬರಲಿಲ್ಲ. ಹಿಂತಿರುಗಿ ನೋಡಿದ. ಗೋಡೆಯ ಬಳಿ ಆ ವಿಧವೆ ಮುದುಕಿಯಾಗಿ ಕೋಲೂರಿ ನಿಂತಿದ್ದಳು.

"ಬನ್ನಿ ಅಮ್ಮ, ಜಾಗ ಇದೆ" ಎಂದ.

"ನಿಮಗೇ ಅಂತ ನಾನೇ ಒರೆಸಿಟ್ಟಿದ್ದೇನೆ. ಅದರ ಮೇಲೆ ನಾನು ಕೂರೋದುಂಟೇ?" ಎಂದಳು. ಅವಳ ಮುಖದ ತುಂಬ ಪ್ರೀತಿ ಇತ್ತು.

ಅವನು ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತ. ಅಲ್ಲಿದ್ದವರು ಗೌರವದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರು. ಆ ದಿನ ಅವನು ಊಟಕ್ಕೆ ಯಾರ ಮನೆಗೂ ಹೋಗಲಿಲ್ಲ. ಅವನನ್ನು ಕರೆಯಲು ಎಲ್ಲರಿಗೂ ಸಂಕೋಚ. ತಾಟಿನಲ್ಲಿ ಊಟ ಜೋಡಿಸಿ, ಬಟ್ಟೆ ಮುಚ್ಚಿ, ಅವನ ಬಾಗಿಲಲ್ಲಿ ಇಟ್ಟು ಹೋದರು. ಅವನ ಭಾಷೆಯ ತಪ್ಪಿಗೆ ಮತ್ತೆಂದೂ ಯಾರೂ ನಗಲಿಲ್ಲ. ಅವನು ಹಾಗೆಯೇ ಒಂಬತ್ತು ವರ್ಷ ಬದುಕಿದ. ಅವನು ಸತ್ತ ಮೇಲೂ ಶನಿವಾರ ಶನಿವಾರ ಬೆಂಚು ಒರೆಸುವುದು ತಪ್ಪಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಅವನು, "ಆ ಬೆಂಚನ್ನೇ ಒಡೆದುಹಾಕಬಹುದಿತ್ತಲ್ಲ, ಗುರುಗಳೇ?" ಎಂದ.

"ಒಡೆದರೆ ಇನ್ನೊಂದು ಮಾಡಿಸುತ್ತಿದ್ದರು. ಪ್ರೀತಿ ಇತ್ತಲ್ಲ."

"ಎಂಥ ಜನ! ಪಕ್ಕದಲ್ಲಿ ಹೋಗಿ ಕೂರುವುದು ಅಷ್ಟು ಕಷ್ಟವೇ?"

ಗುರುಗಳು ಚಾಪೆಯ ಮೇಲೆ ತಾವು ಬಿಟ್ಟುಕೊಟ್ಟಿದ್ದ ಜಾಗವನ್ನು ಒಮ್ಮೆ ನೋಡಿ, "ಕತೆ ಶುರುವಾಗುವ ಮುಂಚೆಯೇ ನಿನಗೆ ಕೂತುಕೋ ಎಂದಿದ್ದೆ" ಎಂದರು.

ಶಿಷ್ಯ ಬಾಗಿಲ ಬಳಿ ಕೈಕಟ್ಟಿ ನಿಂತೇ ಇದ್ದ.