ಕುಚ್ಚು ಮೀನಿನ ಕೆಲಸ

ಕೆರೆ ದೊಡ್ಡದು. ಈಚೆದಡದಲ್ಲಿ ನಿಂತು ಎಷ್ಟು ಕೂಗಿದರೂ ಆಚೆದಡಕ್ಕೆ ಕೇಳುತ್ತಿರಲಿಲ್ಲ.

ಈಚೆದಡದ ಹುಣಸೆ ಮರದ ಕೆಳಗೆ ತಿಪ್ಪಜ್ಜನ ಗುಡಿಸಲು. ಗಾಳ ಹಾಕುವ ವಿದ್ಯೆ ಕಲಿಯಲು ಅಜ್ಜನ ಹತ್ತಿರ ಬಂದವರು ಬಹಳ ಮಂದಿ. ಕೆಲವರು ಮೀನು ಹಿಡಿಯುವುದನ್ನು ಕಲಿತು ಹೋದರು. ಕೆಲವರು ಸುಮ್ಮನೆ ಕೂರುವುದನ್ನು ಕಲಿತು ಹೋದರು. ಎರಡನ್ನೂ ಕಲಿಯದೆ ಅಜ್ಜನ ಮುದ್ದೆ ಉಂಡು ಹೋದವರೇ ಹೆಚ್ಚು.

ಉಳಿದವನು ಓಬಯ್ಯ ಒಬ್ಬ. ಅವನದು ಬಲು ಒಳ್ಳೆಯ ಕೈ. ಯಾವ ಎಲೆಯ ಪಕ್ಕ ಎಂದು ತೋರಿಸಿದರೆ ಆ ಎಲೆಯ ಪಕ್ಕದಲ್ಲೇ ಅವನ ಗಾಳ ಬೀಳುತ್ತಿತ್ತು. ತನ್ನ ಕೈ ಒಳ್ಳೆಯದು ಎಂಬುದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಆಚೆದಡದಿಂದ ಗಂಗಕ್ಕ ಹರಿಗೋಲಿನಲ್ಲಿ ಬಂದಳು. ಅಲ್ಲಿಯ ಬೆಸ್ತರ ಹಟ್ಟಿಗೆಲ್ಲ ಅವಳೇ ದೊಡ್ಡವಳು.

"ಅಜ್ಜಾ, ನಮ್ಮ ಹಟ್ಟಿ ಹಿರೀಕ ತೀರಿಕೊಂಡ. ಎಲ್ಲಿ ಗಾಳ ಹಾಕ್ಬೇಕು, ಯಾವಾಗ ಕೆರೇನ ಅದರ ಪಾಡಿಗೆ ಬಿಡ್ಬೇಕು ಅಂತ ಹೇಳೋರಿಲ್ಲ. ಹುಡುಗ್ರು ಕಂಡಿದ್ದೆಲ್ಲ ಬಾಚ್ತಾ ಅವ್ರೆ. ನಿಮ್ಮ ಓಬಣ್ಣನ್ನ ಕೊಡ್ರಿ. ಅವನು ಹೇಳ್ದಂಗೆ ಕೇಳ್ಕೊಂಡು ಇರ್ತೀವಿ."

ಓಬಯ್ಯನ ಎದೆ ಉಬ್ಬಿತು. ಒಂದು ಹಟ್ಟಿಗೆ ಹಟ್ಟಿಯೇ ತನ್ನ ಮಾತು ಕೇಳುವುದು! ಬಂದ ದಿನದಿಂದ ಅವನು ಆಸೆಪಟ್ಟದ್ದು ಅದೊಂದನ್ನೇ.

"ಒಂದು ವರ್ಷ ತಡಿಯವ್ವ" ಎಂದ ಅಜ್ಜ. ಆಮೇಲೆ ಓಬಯ್ಯನ ಕಡೆ ತಿರುಗಿದ.

"ಕಾಲಕ್ಕೊಂದು ಕುಚ್ಚು ಮೀನು ತಾ: ಈಗೊಂದು, ಚಳಿಗೊಂದು, ಬೇಸಿಗೆಗೊಂದು, ಮುಂಗಾರಿಗೊಂದು. ಬರೀ ಮೀನು ತಂದ್ರೆ ಸಾಲ್ದು. ಅದು ಗಾಳ ಯಾಕೆ ಕಚ್ಚಿತು ಅಂತ ಹೇಳ್ಬೇಕು. ನಾಲ್ಕೂ ಸರಿಯಾದ್ರೆ ಹೊರಡು."

ಕುಚ್ಚು ಮೀನೆಂದರೆ ಕೆರೆಯ ಬೇಟೆಗಾರ. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು. ಉಳಿದವರಿಗೆ ಅದೊಂದು ಸಿಕ್ಕರೆ ಹಬ್ಬ. ಓಬಯ್ಯನಿಗೆ ಅದು ದಿನದ ಮಾತು.

"ಇಷ್ಟೇನಾ?" ಎಂದ ಓಬಯ್ಯ.

"ಇಷ್ಟೇ" ಎಂದ ಅಜ್ಜ.

ಮಾರನೆಯ ದಿನವೇ ಓಬಯ್ಯ ಮೊಳದುದ್ದದ ಮೀನು ತಂದು ಅಜ್ಜನ ಮುಂದೆ ಹಾಕಿದ. ಮಳೆ ನಿಂತು ನೀರು ತಿಳಿಯಾಗಿತ್ತು. ಹಳ್ಳ ಕೆರೆಗೆ ಬೀಳುವಲ್ಲಿ ಸಣ್ಣ ಮೀನುಗಳು ಹಿಂಡುಗಟ್ಟಿದ್ದವು. ಅವುಗಳ ಹಿಂದೆ ಕುಚ್ಚು ಮೀನುಗಳೂ ನೆರೆದಿದ್ದವು.

"ಯಾಕೆ ಕಚ್ಚಿತು?"

"ಹಸಿವಿಗೆ ಅಜ್ಜಾ. ಇನ್ಯಾಕೆ?"

ಅಜ್ಜ ಚೂರಿ ತೆಗೆದು ಮೀನಿನ ಹೊಟ್ಟೆ ಸೀಳಿದ. ಒಳಗೆ ಸಣ್ಣ ಮೀನು ತುಂಬಿಕೊಂಡಿದ್ದವು. ಒಂದರ ಬಾಲ ಇನ್ನೂ ಗಂಟಲಲ್ಲೇ ಇತ್ತು.

"ಇದಕ್ಕೆ ಹಸಿವು ಅಂತೀಯ?"

ಓಬಯ್ಯ ಮರುದಿನ ಗಾಳ ಹಾಕದೆ ಹಳ್ಳದ ಬಾಯಿಯಲ್ಲಿ ಬಂಡೆಯ ಮೇಲೆ ಬೋರಲು ಮಲಗಿ ನೋಡಿದ. ಒಂದು ಮರಿಮೀನಿನ ಹಿಂದೆ ಎರಡು ಕುಚ್ಚು ಒಟ್ಟಿಗೆ ನುಗ್ಗಿದವು. ಎರಡರ ಹೊಟ್ಟೆಯೂ ಊದಿಕೊಂಡಿತ್ತು.

"ಗೊತ್ತಾಯ್ತು ಅಜ್ಜಾ. ತಾನು ಕಚ್ಚದಿದ್ರೆ ಪಕ್ಕದೋನು ಕಚ್ತಾನೆ ಅಂತ ಕಚ್ಚಿತು."

ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಊರಾಗೆ ಅರ್ಧಕ್ಕರ್ಧ ಮದುವೆ ಆಗಿರೋದೂ ಹಿಂಗೇ. ಸರಿ, ಒಂದಾಯ್ತು."

ಮಾಗಿಯ ಚಳಿ ಬಂತು. ಓಬಯ್ಯ ಅದೇ ಹಳ್ಳದ ಬಾಯಿಗೆ ಹೋಗಿ ಅದೇ ಬಂಡೆಯ ಮೇಲೆ ಕೂತ. ಗಾಳದ ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ನಿದ್ದೆ ಹೋಯಿತು. ವಾರಗಟ್ಟಲೆ ಹಾಗೇ ಆಯಿತು.

"ಕೆರೆಯಾಗೆ ಮೀನೇ ಇಲ್ಲ ಅಜ್ಜಾ. ಯಾರೋ ಬಲೆ ಹಾಕಿ ಬಳ್ಕೊಂಡು ಹೋಗಿರ್ಬೇಕು."

"ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದು ಅಜ್ಜ ತನ್ನ ಚಾಪೆಯನ್ನು ಎಳೆದುಕೊಂಡ. ಬೆಳಗ್ಗೆ ಚಾಪೆ ಗುಡಿಸಲ ಮುಂದಿತ್ತು. ಬಿಸಿಲು ಸರಿದ ಹಾಗೆಲ್ಲ ಅಜ್ಜ ಚಾಪೆಯನ್ನೂ ಸರಿಸುತ್ತಿದ್ದ. ಈಗ ಅವನು ಏರಿಯ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದ.

"ಅಲ್ಲಿ ಯಾಕೆ ಕೂತ್ರಿ ಅಜ್ಜಾ?"

"ಕಲ್ಲು ಬೆಚ್ಚಗೈತೆ."

ಓಬಯ್ಯ ಗಾಳದ ಕೋಲು ಎತ್ತಿಕೊಂಡು ಏರಿಗೆ ಓಡಿದ. ನಡುಹಗಲು. ಕಾದ ಕಲ್ಲಿನ ಬುಡದಲ್ಲಿ ನೀರು ಉಗುರುಬೆಚ್ಚಗಿತ್ತು. ಅಲ್ಲೊಂದು ಕುಚ್ಚು ಮೀನು ಕೊರಡಿನ ಹಾಗೆ ಬಿದ್ದುಕೊಂಡಿತ್ತು. ಎರೆಹುಳುವನ್ನು ಅದರ ಮೂತಿಯ ಮುಂದೆ ಇಳಿಬಿಟ್ಟ. ಅದು ಅಲುಗಲಿಲ್ಲ. ಓಬಯ್ಯನೂ ಅಲುಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮೀನು ಆಕಳಿಸುವಂತೆ ಬಾಯಿ ತೆರೆದು ಹುಳುವನ್ನು ಒಳಗೆ ಎಳೆದುಕೊಂಡಿತು.

"ಇದು ಯಾಕೆ ಕಚ್ಚಿತು?"

"ಹಸಿವೂ ಇಲ್ಲ, ಆಸೇನೂ ಇಲ್ಲ ಅಜ್ಜಾ. ಬಾಯಿಗೇ ಬಂದೈತೆ. ಬೇಡ ಅಂತ ಮುಖ ತಿರುಗಿಸೋಕೂ ಸೋಮಾರಿತನ."

"ಎರಡಾಯ್ತು" ಎಂದ ಅಜ್ಜ.

ಬೇಸಿಗೆಯಲ್ಲಿ ಓಬಯ್ಯ ಯಾರನ್ನೂ ಕೇಳಲಿಲ್ಲ. ಅವನಿಗೆ ಕೆರೆ ಓದಲು ಬಂದಿತ್ತು. ನೀರು ತಗ್ಗಿ, ಕೆರೆಯಂಗಳವೆಲ್ಲ ಬಿರುಕು ಬಿಟ್ಟಿತ್ತು. ಸೂರ್ಯ ಏರಿದರೆ ಮೀನು ಕೆಸರಿನ ತಂಪಿಗೆ ಇಳಿಯುತ್ತದೆ. ಹೊರಬರುವುದು ಹೊತ್ತು ಹುಟ್ಟುವ ಮೊದಲು, ಅದೂ ತಾವರೆ ಎಲೆಯ ನೆರಳಿಗೆ. ಅವನು ಗಾಳಕ್ಕೆ ಕಪ್ಪೆಮರಿ ಕಟ್ಟಿ ಎಲೆಯಿಂದ ಎಲೆಗೆ ಕುಣಿಸಿದ. ಮೂರನೆಯ ಎಲೆ ದಾಟುವಾಗ ನೀರು ಒಡೆಯಿತು.

ತಾನೇ ಹೊಟ್ಟೆ ಸೀಳಿ ಅಜ್ಜನ ಮುಂದಿಟ್ಟ. ಒಳಗೆ ಏನೂ ಇರಲಿಲ್ಲ.

"ಇದು ಹಸಿವು ಅಜ್ಜಾ."

"ಹೌದು, ಇದು ಹಸಿವೇ. ಮೂರಾಯ್ತು."

ಆ ದಿನ ಓಬಯ್ಯನಿಗೆ ಆಕಾಶಕ್ಕೆ ಮೂರೇ ಗೇಣು. ಆಚೆದಡಕ್ಕೆ ಹೇಳಿ ಕಳಿಸಿದ: ಮುಂಗಾರು ಬರಲಿ, ಹರಿಗೋಲು ತನ್ನಿ.

ಮುಂಗಾರು ಬಂತು. ಕೆಂಪು ನೀರು ಹಳ್ಳದಲ್ಲಿ ಉರುಳಿ ಬಂದು ಕೆರೆ ತುಂಬಿತು. ಕಪ್ಪೆ, ಹುಳು ಎಲ್ಲಿ ನೋಡಿದರಲ್ಲಿ. ಓಬಯ್ಯ ಹಳ್ಳದ ಬಾಯಿ ನೋಡಿದ, ಏರಿಯ ಕಲ್ಲು ನೋಡಿದ, ತಾವರೆ ಎಲೆ ನೋಡಿದ. ಒಂದು ಮೀನೂ ಗಾಳ ಮುಟ್ಟಲಿಲ್ಲ.

"ಮೂರು ಕಾಲದ ಜಾಗದಾಗೆ ನಾಲ್ಕನೇ ಕಾಲ ಹುಡುಕ್ತಾ ಇದೀಯ" ಎಂದ ಅಜ್ಜ.

ಓಬಯ್ಯ ಹುಡುಕುತ್ತ ನೀರು ಮಂಡಿಯುದ್ದಕ್ಕೆ ನಿಂತಿದ್ದ ಜೊಂಡಿನ ಕಡೆ ಹೋದ. ಜೊಂಡಿನ ನಡುವೆ, ನೀರಿನ ಮೇಲೆ, ಯಾರೋ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಕಂಡಿತು. ಬಗ್ಗಿ ನೋಡಿದರೆ ಮರಿಗಳು. ಅಕ್ಕಿಕಾಳಿನಷ್ಟು ಸಣ್ಣವು, ಸಾವಿರಾರು. ಒಟ್ಟಿಗೆ ಮೇಲೆದ್ದು ಗಾಳಿ ಕುಡಿದು ಒಟ್ಟಿಗೆ ಇಳಿಯುತ್ತಿದ್ದವು. ಅವುಗಳ ಅಡಿಯಲ್ಲಿ ಕಪ್ಪು ಬೆನ್ನೊಂದು ಸುತ್ತು ಹಾಕುತ್ತಿತ್ತು.

ಅವನು ಮರಿಗಳ ನಟ್ಟನಡುವೆ ಗಾಳ ಎಸೆದ. ಅದು ನೀರಿಗೆ ಬಿತ್ತೋ ಇಲ್ಲವೋ, ಕುಚ್ಚು ಮೀನು ಸಿಡಿದು ಬಂದು ಕಚ್ಚಿತು. ಅಷ್ಟು ಸಲೀಸಾಗಿ ಅವನು ಜನ್ಮದಲ್ಲಿ ಮೀನು ಹಿಡಿದಿರಲಿಲ್ಲ. ನರಳದಿರಲಿ ಎಂದು ತಲೆಗೆ ಕಲ್ಲಿನಿಂದ ಒಂದು ಏಟು ಹಾಕಿ, ಹೆಗಲಿಗೇರಿಸಿಕೊಂಡು ಬಂದ.

"ಯಾಕೆ ಕಚ್ಚಿತು?"

"ಮರಿ ಕಾಯ್ತಾ ಇತ್ತು ಅಜ್ಜಾ. ಗಾಳ ಮರಿಗಳ ಮೇಲೆ ಬಿತ್ತು. ತಿನ್ನೋಕೆ ಬಂದಿದ್ದಲ್ಲ, ಓಡ್ಸೋಕೆ ಬಂತು."

"ಎಷ್ಟು ಸರಿಯಾಗಿ ಹೇಳ್ದೆ!" ಎಂದ ಅಜ್ಜ. "ನಾಲ್ಕಾಯ್ತು. ಇನ್ನು ಹೊರಡು."

ಓಬಯ್ಯ ಅಜ್ಜನ ಕಾಲಿಗೆ ಬಿದ್ದು, ಒಳಗೆ ಹೋಗಿ ಬಟ್ಟೆಗಂಟು ಕಟ್ಟಿಕೊಂಡು ಬಂದ.

"ಎಲ್ಲಿಗೆ?" ಎಂದ ಅಜ್ಜ.

"ಆಚೆದಡಕ್ಕೆ. ನೀವೇ ಹೊರಡು ಅಂದ್ರಲ್ಲ!"

"ಜೊಂಡಿಗೆ ಹೊರಡು ಅಂದೆ. ಅಲ್ಲೊಂದು ಕೆಲಸ ಖಾಲಿ ಬಿದ್ದೈತೆ."

ಓಬಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬಂತು.

"ಮೀನಿನ ಕೆಲಸ ನಾನು ಮಾಡ್ಬೇಕಾ ಅಜ್ಜಾ?"

"ಮಾಡ್ತಾ ಇದ್ದೋನು ನಿನ್ನ ಹೆಗಲ ಮೇಲೆ ಬಂದ. ಇನ್ಯಾರು ಮಾಡ್ಬೇಕು?"

"ನೀವು ಕೇಳಿದ್ದು ಮೀನು ತಾನೆ? ತಂದ್ಕೊಟ್ಟೆ. ಕಾರಣ ಕೇಳಿದ್ರಿ, ಹೇಳ್ದೆ."

"ಕಾರಣ ಗೊತ್ತಿಲ್ಲದೆ ತಂದಿದ್ರೆ ನಾನೂ ಸುಮ್ನೆ ಇರ್ತಿದ್ದೆ" ಎಂದು ಅಜ್ಜ ಎದ್ದು ಒಳಗೆ ಹೋದ.

ಓಬಯ್ಯ ಗಂಟು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಆಚೆದಡ ಎದುರಿಗೇ ಕಾಣುತ್ತಿತ್ತು. ಬೈದುಕೊಳ್ಳುತ್ತಲೇ ಜೊಂಡಿನ ಕಡೆ ನಡೆದ.

ಅವನು ಹೋಗುವಷ್ಟರಲ್ಲಿ ಎರಡು ನೀರುಕಾಗೆ ಬಂದು ಕೂತಿದ್ದವು. ಮರಿಗಳ ಕೆಂಪು ಮೋಡ ಹರಿದು ಚಿಂದಿಯಾಗಿತ್ತು. ನೀರಿನೊಳಗಿನಿಂದ ಇನ್ಯಾವುದೋ ಮೀನು ನುಗ್ಗಿ ಬಾಯಿ ತುಂಬ ನುಂಗುತ್ತಿತ್ತು. ಓಬಯ್ಯ ನೀರಿಗೆ ಹಾರಿದ, ಕೂಗಿದ, ಕೈಕಾಲು ಬಡಿದ. ನೀರುಕಾಗೆ ಎದ್ದವು. ಮರಿಗಳೂ ಅವನಿಗೆ ಹೆದರಿ ಚೆಲ್ಲಾಪಿಲ್ಲಿಯಾದವು.

ಸಂಜೆಯ ಹೊತ್ತಿಗೆ ಉಳಿದದ್ದು ಅರ್ಧ. ಓಬಯ್ಯ ಜೊಂಡು ಹಿಡಿದುಕೊಂಡು ಅತ್ತ. ಇಷ್ಟು ವರ್ಷ ಅವನು ಹಿಡಿದ ಮೀನಿಗೆ ಲೆಕ್ಕವಿರಲಿಲ್ಲ. ಯಾವುದಕ್ಕೂ ಹೀಗೆ ಅತ್ತಿರಲಿಲ್ಲ.

ಆಮೇಲೆ ಅವನು ಕದಲದೆ ನಿಲ್ಲುವುದನ್ನು ಕಲಿತ. ಅಲುಗದ ಕಾಲನ್ನು ಮರಿಗಳು ಮರದ ಬೊಡ್ಡೆ ಎಂದುಕೊಂಡವು. ಅವನ ನೆರಳಿಗೆ ಬಂದು ಸೇರಿದವು. ನೀರುಕಾಗೆಯ ರೆಕ್ಕೆ ಕಂಡರೆ ಕೋಲು ಬೀಸಿದ. ದೊಡ್ಡ ಮೀನಿನ ಅಲೆ ಕಂಡರೆ ಕಾಲು ಒದರಿದ. ರಾತ್ರಿ ಜೊಂಡಿನ ಮಧ್ಯೆ ಹಲಗೆ ಹಾಕಿಕೊಂಡು ಒರಗಿದ. ಅಂಗಾಲು ಬೆಳ್ಳಗೆ ನೆಂದು ಸುಕ್ಕುಗಟ್ಟಿತು.

ಅಜ್ಜ ದಿನವೂ ಮುದ್ದೆ ತಂದು ದಡದಲ್ಲಿಟ್ಟು ಹೋಗುತ್ತಿದ್ದ.

ಒಂದು ದಿನ ಓಬಯ್ಯನೇ ಕರೆದ. "ಅಜ್ಜಾ, ಬಣ್ಣ ನೋಡಿ. ಕೆಂಪು ಕಮ್ಮಿಯಾಗ್ತಾ ಐತೆ. ಬೆನ್ನು ಕಪ್ಪಾಗ್ತಾ ಐತೆ. ಬೆರಳುದ್ದ ಆಗವೆ!"

ಅವನ ದನಿಯಲ್ಲಿದ್ದ ಹಿಗ್ಗು ಹಟ್ಟಿಯವರು ತನ್ನನ್ನು ಕೇಳಿಕೊಂಡು ಬಂದ ದಿನವೂ ಇರಲಿಲ್ಲ. ಅಜ್ಜ ತಲೆಯಾಡಿಸಿ ಮುದ್ದೆ ಇಟ್ಟ.

ಆಗಲೇ ಗಂಗಕ್ಕನ ಹರಿಗೋಲು ಬಂತು. ಒಳಗೆ ಸೇವಂತಿಗೆ ಹಾರ, ಹೊಸ ಪಂಚೆ, ಒಂದು ಗೊನೆ ಬಾಳೆಹಣ್ಣು. ಒಬ್ಬಳೇ ಹುಟ್ಟು ಹಾಕುತ್ತ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಜೊಂಡಿನ ನಡುವಿನ ಕೆಂಪು. ಜೊಂಡಿನ ಮರೆಯಲ್ಲಿದ್ದ ಓಬಯ್ಯ ಕಾಣಲಿಲ್ಲ.

ಬೆಸ್ತರ ಹೆಣ್ಣುಮಗಳು. ಮರಿ ಕಂಡಲ್ಲಿ ಅಡಿಯಲ್ಲಿ ಕುಚ್ಚು ಇರುತ್ತದೆ ಎಂದು ಅವಳಿಗೆ ಹೇಳಿಕೊಡಬೇಕೆ? ಹುಟ್ಟು ಕೆಳಗಿಟ್ಟು, ಗಾಳ ಎತ್ತಿಕೊಂಡು ಬೀಸಿ ಎಸೆದಳು.

ಗಾಳ ಮರಿಗಳ ಮೇಲೆ ಇಳಿಯುವುದನ್ನು ಓಬಯ್ಯ ಕಂಡ. ಯೋಚಿಸಲಿಲ್ಲ. ಅದು ನೀರು ಮುಟ್ಟುವ ಮೊದಲೇ ಕೈ ಚಾಚಿ ಹಿಡಿದ. ಕೊಕ್ಕೆ ಅಂಗೈಗೆ ಇಳಿಯಿತು.

"ಸಿಕ್ತು!" ಎಂದು ಗಂಗಕ್ಕ ದಾರ ಜಗ್ಗಿದಳು. "ಅಬ್ಬಬ್ಬಾ, ಎಂಥಾ ಮೀನು!"

ಜೊಂಡು ಸರಿಸಿಕೊಂಡು ಒಬ್ಬ ಆಳು ಹೊರಗೆ ಬಂದ. ಗಡ್ಡ ಬೆಳೆದಿತ್ತು, ಸೊಂಟದವರೆಗೆ ಪಾಚಿ ಹತ್ತಿತ್ತು. ಕೈಯಿಂದ ರಕ್ತ ಸೋರುತ್ತಿತ್ತು.

"ಅಯ್ಯೋ ನಮ್ಮಪ್ಪ! ಓಬಣ್ಣ! ಗಾಳ ಹಿಡಿಯೋಕೆ ನಿನಗೇನು ತಲೆ ಕೆಟ್ಟಿತ್ತಾ?"

"ಹರಿಗೋಲು ಹಿಂದಕ್ಕೆ ತಗಿ ಗಂಗಕ್ಕ" ಎಂದ ಓಬಯ್ಯ. "ಮರಿ ಅವೆ."

ಅವನ ದನಿ ಕೇಳಿ ಗಂಗಕ್ಕ ಎದುರು ಮಾತಾಡದೆ ಹುಟ್ಟು ಹಾಕಿ ಹಿಂದೆ ಸರಿದಳು. ಓಬಯ್ಯ ಹಲ್ಲು ಕಚ್ಚಿ ಕೊಕ್ಕೆ ಕಿತ್ತು ದಾರವನ್ನು ಅವಳ ಕಡೆ ಎಸೆದ. ಹಾಗೇ ಬಗ್ಗಿ ಮರಿಗಳು ಚದುರಿದವೋ ಎಂದು ನೋಡಿದ. ಚದುರಿರಲಿಲ್ಲ.

"ಇವತ್ತು ಒಳ್ಳೇ ದಿನ ಕಣಪ್ಪ. ಹಟ್ಟಿಯೋರೆಲ್ಲ ದಡಕ್ಕೆ ಬಂದು ಕಾಯ್ತಾ ಅವ್ರೆ. ಇವತ್ತು ಬರ್ದಿದ್ರೆ ಬೇರೆ ಯಾರನ್ನಾದ್ರೂ ಕರೀತೀವಿ ಅಂತ ಹೇಳ್ಬಿಟ್ಟವ್ರೆ. ಹರಿಗೋಲು ಹತ್ತು."

ಓಬಯ್ಯ ಹಾರ ನೋಡಿದ. ಆಚೆದಡ ನೋಡಿದ.

"ಆಸೆ ಇಲ್ಲ ಅಂತಲ್ಲ ಗಂಗಕ್ಕ. ಬಾಳ ಐತೆ. ಆದ್ರೆ ಇವತ್ತು ಬರೋಕಾಗಲ್ಲ. ಇವಿನ್ನೂ ಸಣ್ಣವು. ಬೇರೆಯೋರನ್ನ ಕರ್ಕೊಳ್ರಿ."

ಹಾಗೆಂದವನು ತಿರುಗಿ ಜೊಂಡಿನೊಳಗೆ ಹೋಗಿ ತನ್ನ ಜಾಗದಲ್ಲಿ ನಿಂತ. ಕೆಂಪು ಮೋಡ ಮೆಲ್ಲಗೆ ಬಂದು ಅವನ ಕಾಲಿನ ಸುತ್ತ ಸೇರಿತು.

ಗಂಗಕ್ಕ ಅದನ್ನು ನೋಡಿದಳು. ತನ್ನ ಕೈಯ ಗಾಳ ನೋಡಿದಳು. ಅದನ್ನು ಸುತ್ತಿ ಹರಿಗೋಲಿನ ತಳದಲ್ಲಿ ಇಟ್ಟಳು. ಆಮೇಲೆ ದಡದಲ್ಲಿ ನಿಂತಿದ್ದ ತಿಪ್ಪಜ್ಜನ ಹತ್ತಿರ ಬಂದಳು.

"ಅಜ್ಜಾ, ಬೇರೆ ಯಾರೂ ಬೇಡ. ಹಟ್ಟಿಯೋರಿಗೆ ನಾನು ಹೇಳ್ಕೊತೀನಿ. ನಮಗೆ ಇವನೇ ಬೇಕು. ಯಾವಾಗ ಕಳಿಸ್ತೀರಿ, ಹೇಳಿ."

ಅಜ್ಜ ನೀರಿನ ಕಡೆ ಕೈ ತೋರಿಸಿದ.

"ನನ್ನ ಯಾಕೆ ಕೇಳ್ತೀಯವ್ವ? ಮರಿಗಳನ್ನ ಕೇಳು."